ಒಣಗಿಸಿದ ಹಣ್ಣು, ತರಕಾರಿ ತಿಂಗಳುಗಟ್ಟಲೆ ಉಳಿಯಬೇಕೆಂದರೆ: ಹೊರದೇಶಕ್ಕೆ ಹೊಸದಾಗಿ ಬಂದವರಿಗೆ

ಹೊರದೇಶಕ್ಕೆ ಬಂದ ಮೊದಲ ವರ್ಷ ನಾನು ಕಿಟಕಿ ಪಕ್ಕ ತಟ್ಟೆ ಇಟ್ಟು ಟೊಮೇಟೊ ಒಣಗಿಸಲು ಹೊರಟಿದ್ದೆ. ಬಿಸಿಲು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಮೂರನೇ ದಿನ ಹೋಳುಗಳಿಂದ ಹುಳಿ ವಾಸನೆ ಬಂತು. ಎಲ್ಲವನ್ನೂ ಎಸೆದೆ. ಬಿಸಿಲಲ್ಲಿ ಒಣಗಬೇಕಾದರೆ ಹೊರಗೆ ಕಡಿಮೆ ಅಂದರೂ 30 ಡಿಗ್ರಿ ಸೆಲ್ಸಿಯಸ್ ಇರಬೇಕು, ಗಾಳಿಯಲ್ಲಿ ತೇವ ಶೇ. 60ಕ್ಕಿಂತ ಕಡಿಮೆ ಇರಬೇಕು. ನೀವಿರುವ ಕಡೆ ಹಾಗಿಲ್ಲದಿದ್ದರೆ ಬಿಸಿಲನ್ನು ನೆಚ್ಚಬೇಡಿ. ಡಿಹೈಡ್ರೇಟರ್ (ಬಿಸಿಗಾಳಿಯಲ್ಲಿ ಆಹಾರ ಒಣಗಿಸುವ ಯಂತ್ರ) ಅಥವಾ ಓವನ್ ಬಳಸಿ.

ಹಣ್ಣು, ತರಕಾರಿಗೆ 57ರಿಂದ 60 ಡಿಗ್ರಿ ಸಾಕು. ನಿಮ್ಮ ಓವನ್ ಅಷ್ಟು ಕೆಳಗೆ ಇಳಿಯುತ್ತದಾ, ಮೊದಲು ನೋಡಿಕೊಳ್ಳಿ. ಬೇಗ ಮುಗಿಯಲಿ ಅಂತ ಶಾಖ ಏರಿಸಿದರೆ ಹೋಳಿನ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ನೀರು ಒಳಗೇ ಉಳಿಯುತ್ತದೆ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಆಮೇಲೆ ಡಬ್ಬಿಯಲ್ಲಿ ಬೂಷ್ಟು ಬರುತ್ತದೆ.

ಹೋಳುಗಳು ಒಂದೇ ದಪ್ಪ ಇರಲಿ, 3ರಿಂದ 6 ಮಿಲಿಮೀಟರ್. ಕ್ಯಾರೆಟ್, ಬೀನ್ಸ್ ಆದರೆ ಕುದಿಯುವ ನೀರಿಗೆ ಕೆಲವು ನಿಮಿಷ ಹಾಕಿ ತೆಗೆಯಿರಿ, ಬಣ್ಣ ಮತ್ತು ರುಚಿ ಉಳಿಯುತ್ತದೆ. ಸೇಬನ್ನು ನಿಂಬೆರಸ ಬೆರೆಸಿದ ನೀರಲ್ಲಿ ಅದ್ದಿದರೆ ಅಷ್ಟು ಕಪ್ಪಾಗುವುದಿಲ್ಲ.

ಒಣಗಿದೆಯಾ ಅಂತ ನೋಡುವುದು ಆರಿದ ಮೇಲೆಯೇ. ಬಿಸಿ ಇರುವಾಗ ಎಲ್ಲವೂ ಮೆತ್ತಗಿರುತ್ತದೆ. ಸೇಬಿನ ಒಂದು ಹೋಳನ್ನು ಮಡಚಿ ನೋಡಿ: ಚರ್ಮದ ಹಾಗೆ ಬಾಗಬೇಕು, ತನಗೆ ತಾನೇ ಅಂಟಿಕೊಳ್ಳಬಾರದು. ಹರಿದರೆ ಒಳಗೆ ಪಸೆ ಕಾಣಬಾರದು. ತರಕಾರಿ ಮಾತ್ರ ಪಟ್ ಅಂತ ಮುರಿಯಬೇಕು.

ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಹಣ್ಣು ಉಳಿಯುತ್ತದೋ ಕೆಡುತ್ತದೋ ಅನ್ನುವುದು ಮುಂದಿನ ಒಂದು ವಾರದಲ್ಲಿ ಗೊತ್ತಾಗುತ್ತದೆ. ಬಿಸಿ ಪೂರ್ತಿ ಆರಿದ ಹೋಳುಗಳನ್ನು ಗಾಜಿನ ಬಾಟಲಿಗೆ ಮುಕ್ಕಾಲಿಗಿಂತ ಕಡಿಮೆ ತುಂಬಿ, ಮುಚ್ಚಳ ಬಿಗಿ ಮಾಡಿ. ದಿನಕ್ಕೊಂದು ಸಲ ಅಲ್ಲಾಡಿಸಿ. ಒಂದು ಹೋಳಲ್ಲಿ ಸ್ವಲ್ಪ ಜಾಸ್ತಿ ಉಳಿದ ತೇವ ಎಲ್ಲದಕ್ಕೂ ಹಂಚಿಹೋಗುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಸಣ್ಣ ಹನಿ ಕಂಡರೂ ಎಲ್ಲವನ್ನೂ ತೆಗೆದು ಮತ್ತೆ ಒಣಗಿಸಿ. ಬೂಷ್ಟು ಕಂಡರೆ ಪೂರ್ತಿ ಬಾಟಲಿಯನ್ನೇ ಎಸೆಯಿರಿ, ಮೇಲಿನದನ್ನು ತೆಗೆದು ಉಳಿದದ್ದನ್ನು ತಿನ್ನಬೇಡಿ. ಮನಸ್ಸಿಗೆ ಕಷ್ಟವಾಗುತ್ತದೆ, ಗೊತ್ತು.

ಬಿಸಿಲಲ್ಲಿ ಒಣಗಿಸಿದ್ದಾದರೆ ಹುಳುವಿನ ಮೊಟ್ಟೆ ಇರಬಹುದು. ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 48 ಗಂಟೆ ಇಟ್ಟು, ಆಮೇಲೆ ಬಾಟಲಿಗೆ ಹಾಕಿ.

ಒಲೆಯ ಮೇಲಿನ ಕಪಾಟಿನಲ್ಲಿ ಮಾತ್ರ ಇಡಬೇಡಿ. 15 ಡಿಗ್ರಿಯಲ್ಲಿ ಸುಮಾರು ಒಂದು ವರ್ಷ ಬರುವ ಹಣ್ಣು 27 ಡಿಗ್ರಿಯಲ್ಲಿ ಆರೇ ತಿಂಗಳು. ತರಕಾರಿಗೆ ಅದರ ಅರ್ಧ ಲೆಕ್ಕ ಹಿಡಿಯಿರಿ. ತಂಪಾದ, ಕತ್ತಲ ಮೂಲೆ ಹುಡುಕಿ. ದೊಡ್ಡ ಡಬ್ಬಿಗಿಂತ ಒಂದೆರಡು ಸಲಕ್ಕೆ ಮುಗಿಯುವಂಥ ಸಣ್ಣ ಬಾಟಲಿಗಳೇ ಒಳ್ಳೆಯದು, ಯಾಕೆಂದರೆ ಮುಚ್ಚಳ ತೆಗೆದಾಗಲೆಲ್ಲ ಹೊರಗಿನ ತೇವ ಒಳಗೆ ಸೇರುತ್ತದೆ. ಒಣಗಿಸಿದ ತಾರೀಖು ಬರೆದು ಅಂಟಿಸಿ.