ಕ್ಷೇತ್ರದ ಜನರಿಗೆ ಶಾಸಕರ ವರದಿ: ಸಿದ್ಧಪಡಿಸುವುದು ಹೇಗೆ?

ಅಧಿವೇಶನ ಮುಗಿದ ಬಳಿಕ, ತಾವು ಯಾವ ವಿಷಯಗಳಿಗೆ ಆದ್ಯತೆ ಕೊಟ್ಟಿದ್ದೀರಿ ಮತ್ತು ಅವು ಈಗ ಯಾವ ಹಂತದಲ್ಲಿವೆ ಎಂಬುದನ್ನು ಮತದಾರರಿಗೆ ತಿಳಿಸುವುದು ಶಾಸಕರ ಮುಖ್ಯ ಕರ್ತವ್ಯಗಳಲ್ಲೊಂದು. ಈ ವರದಿ ಅಭಿನಂದನಾ ಪತ್ರದಂತಾಗದೆ, ಓದಿದವರಿಗೆ ಉಪಯೋಗವಾಗಬೇಕಾದರೆ ಅದನ್ನು ಬರೆಯುವ ಮೊದಲೇ ಸ್ವಲ್ಪ ಕೆಲಸ ಮಾಡಬೇಕಾಗುತ್ತದೆ.

ಮೊದಲು ವಿಷಯಗಳನ್ನು ಆರಿಸಿಕೊಳ್ಳಿ. ಕಚೇರಿಗೆ ಬಂದ ಅಹವಾಲುಗಳ ದಾಖಲೆಯನ್ನೂ ಸದನದಲ್ಲಿ ನೀವು ಕೇಳಿದ ಪ್ರಶ್ನೆಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಜನ ಕೇಳುತ್ತಿರುವುದಕ್ಕೂ ನೀವು ಮಾತನಾಡುತ್ತಿರುವುದಕ್ಕೂ ಇರುವ ಅಂತರ ಕಾಣಿಸುತ್ತದೆ. ಮೂರು ಅಥವಾ ನಾಲ್ಕು ವಿಷಯಗಳು ಸಾಕು. ಹದಿನೈದು ಆದ್ಯತೆಗಳಿವೆ ಎಂದರೆ ಯಾವುದಕ್ಕೂ ಆದ್ಯತೆ ಇಲ್ಲವೆಂದೇ ಅರ್ಥ.

ಎರಡನೆಯ ಹೆಜ್ಜೆಯೇ ಅತ್ಯಂತ ಮುಖ್ಯವಾದುದು: ಪ್ರತಿ ವಿಷಯವೂ ನಿಂತಿರುವ ಹಂತವನ್ನು ಅದರ ಸರಿಯಾದ ಹೆಸರಿನಿಂದಲೇ ಹೇಳಬೇಕು. ಮಸೂದೆಯ ಮಂಡನೆ, ಸಮಿತಿಯ ಪರಿಶೀಲನೆ, ಸದನದ ಅಂಗೀಕಾರ, ರಾಷ್ಟ್ರದ ಅಥವಾ ರಾಜ್ಯದ ಮುಖ್ಯಸ್ಥರ ಅಂಕಿತ, ಜಾರಿಯ ದಿನಾಂಕ, ನಿಯಮಾವಳಿಯ ರಚನೆ ಇವೆಲ್ಲವೂ ಬೇರೆ ಬೇರೆ ಘಟ್ಟಗಳು. ಮಂಡನೆಯಾದ ಮಸೂದೆಯನ್ನು ‘ಕಾನೂನು ತಂದಿದ್ದೇನೆ’ ಎಂದು ಬರೆದರೆ, ಅದನ್ನು ನಂಬಿ ಅರ್ಜಿ ಹಿಡಿದು ಕಚೇರಿಗೆ ಹೋದವರು ಬರಿಗೈಯಲ್ಲಿ ಹಿಂತಿರುಗುತ್ತಾರೆ. ಭಾರತದ ಸಂಸತ್ತು ಈವರೆಗೆ ಅಂಗೀಕರಿಸಿರುವ ಖಾಸಗಿ ಸದಸ್ಯರ (ಅಂದರೆ ಮಂತ್ರಿಗಳಲ್ಲದ ಸದಸ್ಯರು ಮಂಡಿಸಿದ) ಮಸೂದೆಗಳು 14 ಮಾತ್ರ, ಅವುಗಳಲ್ಲಿ ಕೊನೆಯದು 1970ರಲ್ಲಿ ಅಂಗೀಕಾರವಾಯಿತು ಎಂಬುದನ್ನು ನೆನೆದರೆ, ಮಂಡನೆಗೂ ಕಾನೂನಿಗೂ ನಡುವಿನ ದಾರಿ ಎಷ್ಟು ದೂರದ್ದೆಂದು ತಿಳಿಯುತ್ತದೆ. ಹಾಗೆಂದು ಅಂಥ ಮಸೂದೆ ವ್ಯರ್ಥವಲ್ಲ. ಅದು ಸರ್ಕಾರದ ಉತ್ತರವನ್ನು ಸದನದ ನಡಾವಳಿಯಲ್ಲಿ ದಾಖಲಾಗುವಂತೆ ಮಾಡಬಲ್ಲದು. ಆ ಪ್ರಯೋಜನವನ್ನು ಅಷ್ಟಕ್ಕೇ ಸೀಮಿತಗೊಳಿಸಿ ಹೇಳಿ.

ಹಣದ ವಿಷಯಕ್ಕೂ ಇದೇ ಎಚ್ಚರಿಕೆ ಅಗತ್ಯ. ಬಜೆಟ್‌ನಲ್ಲಿ ಘೋಷಣೆಯಾದ ಮೊತ್ತ, ಬಿಡುಗಡೆಯಾದ ಮೊತ್ತ, ಖರ್ಚಾದ ಮೊತ್ತ ಈ ಮೂರನ್ನೂ ಪ್ರತ್ಯೇಕವಾಗಿ, ಯಾವ ದಿನಾಂಕದವರೆಗಿನ ಲೆಕ್ಕವೆಂಬುದರ ಸಹಿತ ಕೊಡಿ.

ನಂತರ ನಿಮ್ಮ ಮತದ ವಿವರ ಬರಲಿ. ಮುಖ್ಯ ಮಸೂದೆಗಳಿಗೆ ಪರವಾಗಿ ಮತ ಹಾಕಿದಿರೋ ವಿರೋಧವಾಗಿಯೋ, ಗೈರುಹಾಜರಾಗಿದ್ದಿರೋ ಎಂಬುದನ್ನು ಕಾರಣದೊಂದಿಗೆ ತಿಳಿಸಿ. ಪಕ್ಷದ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಇದ್ದರೆ ಅದನ್ನೂ ಹೇಳಬಹುದು: ಭಾರತದಲ್ಲಿ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ವಿಪ್ ಮೀರಿ ಮತ ಹಾಕುವ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಈ ನಿರ್ಬಂಧ ಓದುಗರಿಗೆ ಗೊತ್ತಿದ್ದರೆ ನಿಮ್ಮ ನಿಲುವನ್ನು ಅವರು ಸರಿಯಾಗಿ ತೂಗಿ ನೋಡಬಲ್ಲರು. ಕೈಗೂಡದ ಕೆಲಸಗಳನ್ನು ಬಿಟ್ಟುಬಿಡಬೇಡಿ. ಎಲ್ಲಿ ತಡೆಯುಂಟಾಯಿತೆಂದು ಒಂದೆರಡು ವಾಕ್ಯಗಳಲ್ಲಿ ಬರೆಯುವುದರಿಂದ ವರದಿಯ ಉಳಿದ ಭಾಗದ ಮೇಲೂ ನಂಬಿಕೆ ಹುಟ್ಟುತ್ತದೆ.

ಸಾರ್ವಜನಿಕ ಹಣದಿಂದ ವರದಿ ಕಳುಹಿಸುವುದಾದರೆ ಚುನಾವಣೆಯ ಹತ್ತಿರದ ದಿನಗಳ ನಿಯಮಗಳನ್ನು ಪರಿಶೀಲಿಸಿ. ಅಮೆರಿಕದ ಸೆನೆಟ್‌ನಲ್ಲಿ, ಸದಸ್ಯರು ತಾವು ಸ್ಪರ್ಧಿಸುವ ಚುನಾವಣೆಗೆ ಮುಂಚಿನ 60 ದಿನಗಳಲ್ಲಿ ಸರ್ಕಾರಿ ವೆಚ್ಚದಲ್ಲಿ ಸಾಮೂಹಿಕ ಅಂಚೆ ಕಳುಹಿಸುವಂತಿಲ್ಲ. ಅಂಥ ನಿಯಮವಿಲ್ಲದ ಕಡೆಯೂ ಈ ಮಿತಿಯನ್ನು ತಾವಾಗಿಯೇ ಪಾಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕೊನೆಗೆ, ಜನರು ಪ್ರತಿಕ್ರಿಯೆ ಕಳುಹಿಸಬೇಕಾದ ವಿಳಾಸವನ್ನೂ ಉತ್ತರ ಸಿಗುವ ಅವಧಿಯನ್ನೂ ನಮೂದಿಸಿ. ಮುಂದಿನ ವರದಿಯನ್ನು ಹೊಸ ಭರವಸೆಗಳಿಂದ ಆರಂಭಿಸದೆ, ಈ ವರದಿಯಲ್ಲಿ ಹೆಸರಿಸಿದ ಮೂರು-ನಾಲ್ಕು ವಿಷಯಗಳು ಅಲ್ಲಿಂದ ಎಷ್ಟು ಮುಂದೆ ಸಾಗಿವೆ ಎಂಬ ವಿವರದಿಂದಲೇ ಆರಂಭಿಸಿ.