ಟ್ಯಾಬ್ ಕೊಳ್ಳುವ ಮೊದಲು ಒಂದು ಒತ್ತಕ್ಷರ ಓದಿ ನೋಡಿ

ಟ್ಯಾಬ್ ಖರೀದಿಯಲ್ಲಿ ದುಡ್ಡು ಹಾಳಾಗುವ ರೀತಿ ಹೆಚ್ಚುಕಡಿಮೆ ಒಂದೇ. ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಕವರ್ ಫ್ರೀ ಇದೆಯಾ ಎಂದು ಕೇಳಿ ಬಿಲ್ ಮಾಡಿಸುತ್ತಾರೆ. ಮನೆಗೆ ಬಂದು ಇ-ಪೇಪರ್ ತೆರೆದಾಗ ಅಕ್ಷರಗಳೆಲ್ಲ ಕಲಸಿಹೋಗಿರುತ್ತವೆ. ದಿನಬಳಕೆ ಎಂದರೆ ಓದು, ವಿಡಿಯೊ, ಮಕ್ಕಳ ಪಾಠ, ದೂರದಲ್ಲಿರುವವರ ಜತೆ ವಿಡಿಯೊ ಕಾಲ್. ನಾಲ್ಕಕ್ಕೂ ಮೊದಲು ಬೇಕಾದ್ದು ಒಳ್ಳೆಯ ಪರದೆ. ಹಿಂಬದಿಯ ಕ್ಯಾಮೆರಾ ನೋಟ್ಸ್ ಸ್ಕ್ಯಾನ್ ಮಾಡುವಷ್ಟಿದ್ದರೆ ಸಾಕು, ಅದನ್ನು ಲೆಕ್ಕದಿಂದಲೇ ಬಿಡಿ.

1. ಅಳತೆ ನಿರ್ಧರಿಸಿ

ಎ4 ಹಾಳೆಯ ಅಗಲ 210 ಮಿಲಿಮೀಟರ್. 8.7 ಇಂಚಿನ ಟ್ಯಾಬನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ ಸುಮಾರು 113 ಮಿ.ಮೀ., ಅಂದರೆ ಪುಟ ಅರ್ಧಕ್ಕೆ ಕುಗ್ಗುತ್ತದೆ. 11 ಇಂಚಿನ ಉದ್ದನೆಯ (16:10) ಪರದೆಯಲ್ಲಿ 148 ಮಿ.ಮೀ. ಸಿಗುತ್ತದೆ. ಐಪ್ಯಾಡ್‌ನಂತೆ ತುಸು ಚೌಕದ ಕಡೆಗೆ ವಾಲಿದ ಪರದೆಯಾದರೆ 158ರ ಆಸುಪಾಸು, ಪುಟದ ಮುಕ್ಕಾಲು ಅಳತೆ. ಪಠ್ಯಪುಸ್ತಕ, ಪಿಡಿಎಫ್ ಓದುವವರು 11 ಇಂಚಿಗಿಂತ ಕಡಿಮೆ ಕೊಳ್ಳಬೇಡಿ. ಮಲಗಿಕೊಂಡು ಕಾದಂಬರಿ ಓದುವವರಿಗೆ ಮಾತ್ರ 8.7 ಇಂಚು ಸರಿ. ದೊಡ್ಡದು ಅರ್ಧ ಕೆ.ಜಿ. ತೂಗುತ್ತದೆ, ಕವರ್ ಹಾಕಿದರೆ ಇನ್ನೂ ಭಾರ, ಹತ್ತು ನಿಮಿಷಕ್ಕೇ ಮಣಿಕಟ್ಟು ನೋಯುತ್ತದೆ.

2. ಸಿಮ್ ಬೇಕೇ?

ಮನೆಯಲ್ಲಿ ವೈಫೈ ಇದ್ದರೆ ಬೇಡ, ಹೊರಗೆ ಫೋನಿನ ಹಾಟ್‌ಸ್ಪಾಟ್ ಸಾಕು. ಎರಡು ವಿಷಯ ಮಾತ್ರ ಗೊತ್ತಿರಲಿ. ಯುಪಿಐ ಆ್ಯಪ್‌ಗಳು ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ಸಾಧನವನ್ನು ಗುರುತಿಸುವುದರಿಂದ ವೈಫೈ ಟ್ಯಾಬ್‌ನಲ್ಲಿ ಅವು ನಡೆಯುವುದಿಲ್ಲ. ವೈಫೈ ಮಾತ್ರದ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದಿಲ್ಲ, ಕಾರಿನಲ್ಲಿ ಮ್ಯಾಪ್ ನೋಡಲು ಅದನ್ನು ನೆಚ್ಚಬೇಡಿ.

3. ರ‍್ಯಾಮ್, ಸ್ಟೋರೇಜ್

6 ಜಿಬಿ, 128 ಜಿಬಿ. ಇದಕ್ಕಿಂತ ಕೆಳಗೆ ಇಳಿಯಬೇಡಿ. "8+8, ಒಟ್ಟು 16 ಜಿಬಿ" ಎಂದು ಬರೆದಿದ್ದರೆ ಎರಡನೆಯ 8 ರ‍್ಯಾಮೇ ಅಲ್ಲ, ಸ್ಟೋರೇಜ್‌ನಿಂದ ಕಡ ತಂದದ್ದು, ವೇಗದಲ್ಲಿ ರ‍್ಯಾಮ್‌ನ ಹತ್ತಿರಕ್ಕೂ ಸುಳಿಯುವುದಿಲ್ಲ. ಹೆಸರೇ ಕೇಳಿರದ ಬ್ರ್ಯಾಂಡ್ ಐದಾರು ಸಾವಿರಕ್ಕೆ 512 ಜಿಬಿ ಕೊಡುತ್ತೇನೆ ಎಂದರೆ ಅದು ಮೋಸವೇ ಎಂದುಕೊಳ್ಳಿ. ಇಂಥವುಗಳಲ್ಲಿ ಸೆಟ್ಟಿಂಗ್ಸ್ ತೋರಿಸುವ ಅಂಕಿಯನ್ನೇ ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ದಿನದಿಂದ ಫೋಟೊ, ಫೈಲ್ ಕೆಡಲು ಶುರು.

4. ಅಂಗಡಿಯಲ್ಲಿ ಹದಿನೈದು ನಿಮಿಷ

ಎಲ್ಲರೂ ಅವಸರ ಮಾಡುವುದು ಇಲ್ಲೇ. ಡೆಮೊ ಪೀಸ್‌ನಲ್ಲಿ ತಿರುಗುತ್ತಿರುವ ಗಿಳಿ, ಜಲಪಾತದ ವಿಡಿಯೊ ಮೊದಲು ನಿಲ್ಲಿಸಿ. ಆ ವಿಡಿಯೊದಲ್ಲಿ ಎಂಥ ಪರದೆಯೂ ಚೆನ್ನಾಗಿಯೇ ಕಾಣುತ್ತದೆ.

ಬ್ರೌಸರ್ ತೆರೆದು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಯಾವುದಾದರೂ ಪಠ್ಯದ ಪಿಡಿಎಫ್ ಇಳಿಸಿಕೊಳ್ಳಿ, ಅಲ್ಲಿ ಉಚಿತವಾಗಿ ಸಿಗುತ್ತದೆ. ಟ್ಯಾಬನ್ನು ನೆಟ್ಟಗೆ ಹಿಡಿದು, ಇಡೀ ಪುಟ ಪರದೆಯೊಳಗೆ ಕೂರುವಂತೆ ಮಾಡಿ, ಹಿಗ್ಗಿಸದೆ ಓದಿ. "ರಾಷ್ಟ್ರೀಯ", "ಸ್ತ್ರೀ" ಇಂಥ ಪದ ಹುಡುಕಿ. ಷ ಅಕ್ಷರದ ಕೆಳಗಿರುವ ಟ ಒತ್ತು, ಪಕ್ಕದ ರ ಒತ್ತು ಬೇರೆಬೇರೆಯಾಗಿ ಕಾಣಬೇಕು. ಕಪ್ಪು ಚುಕ್ಕೆಯಾಗಿ ಅಂಟಿಕೊಂಡಿದ್ದರೆ ಪರದೆಯ ಸಾಂದ್ರತೆ ಸಾಲದು. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಒತ್ತು ಇಲ್ಲ, ಹಾಗಾಗಿ ಅದು ಕಡಿಮೆ ಪಿಕ್ಸೆಲ್‌ನಲ್ಲೂ ಬಚಾವಾಗುತ್ತದೆ. ಇಂಗ್ಲಿಷ್ ವಿಮರ್ಶೆಗಳಲ್ಲಿ "ಓದಲು ಪರವಾಗಿಲ್ಲ" ಎಂದಿರುವ ಟ್ಯಾಬ್ ಕನ್ನಡಕ್ಕೆ ಸೋಲುವುದು ಇದೇ ಕಾರಣಕ್ಕೆ. ಲೆಕ್ಕದಲ್ಲಿ ಹೇಳುವುದಾದರೆ, 10.1 ಇಂಚಿನಲ್ಲಿ 1280×800 ಇದ್ದರೆ ಇಂಚಿಗೆ 149 ಪಿಕ್ಸೆಲ್, 11 ಇಂಚಿನಲ್ಲಿ 1920×1200 ಇದ್ದರೆ 206. ಹೀಗೆ ಇಡೀ ಪುಟವನ್ನು ಹಿಗ್ಗಿಸದೆ ಕನ್ನಡ ಓದಲು 200 ದಾಟಿರಲೇಬೇಕು.

ಬ್ರೈಟ್‌ನೆಸ್ ಪೂರ್ತಿ ಏರಿಸಿ ಬಾಗಿಲ ಬಳಿಯ ಬೆಳಕಿಗೆ ಒಯ್ಯಿರಿ. ಅಂಗಡಿಯೊಳಗೆ ಝಗಮಗಿಸುವುದು ನಮ್ಮ ಜಗಲಿಯ ಮಧ್ಯಾಹ್ನದ ಬೆಳಕಲ್ಲಿ ಕನ್ನಡಿಯಾಗಿಬಿಡುತ್ತದೆ.

ಆಮೇಲೆ ಐದಾರು ಆ್ಯಪ್ ಒಂದಾದ ಮೇಲೊಂದು ತೆರೆದು, ಮೊದಲಿನ ಪಿಡಿಎಫ್‌ಗೆ ವಾಪಸ್ ಬನ್ನಿ. ಬಿಟ್ಟ ಪುಟದಲ್ಲೇ ನಿಂತಿದ್ದರೆ ರ‍್ಯಾಮ್ ಸಾಕು. ಮೊದಲಿನಿಂದ ಲೋಡ್ ಆದರೆ ಪಾಠದ ನಡುವೆ ನೋಟ್ಸ್ ತೆರೆದಾಗಲೂ ಅದೇ ಗೋಳು. ಅಡ್ಡಲಾಗಿ ಎರಡೂ ಕೈಯಲ್ಲಿ ಹಿಡಿದು ಹಾಡು ಹಾಕಿ. ಸ್ಪೀಕರ್‌ಗಳು ಒಂದೇ ಬದಿಯಲ್ಲಿದ್ದರೆ ಅಂಗೈ ಮುಚ್ಚಿ ದನಿ ಅಡಗುತ್ತದೆ.

ಡಬ್ಬಿಯ ಮೇಲೆ ಕಾಣದ ಇನ್ನೆರಡು ಸಂಗತಿಗಳಿವೆ. ಮೊದಲನೆಯದು ವೈಡ್‌ವೈನ್. ಇದು ಸಿನಿಮಾ ಆ್ಯಪ್‌ಗಳ ನಕಲು ತಡೆಯುವ ಬೀಗ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಇದರ ಮಟ್ಟ ಎಲ್1 ಇರಬೇಕು. ಎಲ್3 ಆಗಿದ್ದರೆ ನೆಟ್‌ಫ್ಲಿಕ್ಸ್‌ನಲ್ಲಿ ಎಚ್‌ಡಿ ಬರುವುದಿಲ್ಲ, ನೀವು ಎಷ್ಟೇ ದುಬಾರಿ ಪ್ಲ್ಯಾನ್ ತೆಗೆದುಕೊಂಡರೂ. ಪ್ಲೇ ಸ್ಟೋರ್‌ನ "ಡಿಆರ್‌ಎಂ ಇನ್ಫೋ" ಆ್ಯಪ್ ಅನ್ನು ಅಂಗಡಿಯವರ ಖಾತೆಯಿಂದಲೇ ಹಾಕಿಸಿ ನೋಡಿ. ಅಂಗಡಿಯವರು ಆ್ಯಪ್ ಹಾಕಲು ಬಿಡದಿದ್ದರೆ ಆ ಮಾಡೆಲ್‌ನ ವಿವರವನ್ನು ಮೊದಲೇ ಹುಡುಕಿಕೊಂಡು ಹೋಗಿ. ಡೆಮೊ ಪೀಸ್‌ನಲ್ಲಿ ನಿಮ್ಮ ಗೂಗಲ್ ಖಾತೆ ಮಾತ್ರ ತೆರೆಯಬೇಡಿ, ಅದು ಅಲ್ಲೇ ಉಳಿದುಬಿಡುತ್ತದೆ.

ಎರಡನೆಯದು ಸೆಟ್ಟಿಂಗ್ಸ್‌ನ "ಅಬೌಟ್ ಟ್ಯಾಬ್ಲೆಟ್" ಒಳಗಿರುವ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ. ಡೆಮೊ ಪೀಸ್ ತಿಂಗಳುಗಟ್ಟಲೆ ಅಪ್‌ಡೇಟ್ ಕಾಣದೆ ಕೂತಿರಬಹುದು, ಹಾಗಾಗಿ ದಿನಾಂಕ ಹಳೆಯದಿದ್ದ ಮಾತ್ರಕ್ಕೆ ಬಿಟ್ಟು ಬರಬೇಡಿ. ಅಪ್‌ಡೇಟ್ ಚೆಕ್ ಒತ್ತಿ. ಹೊಸದು ಇಳಿಯಲು ಶುರುವಾದರೆ ಸರಿ. "ಎಲ್ಲ ಅಪ್‌ಡೇಟ್ ಆಗಿದೆ" ಎಂದು ಹೇಳುತ್ತಲೇ ವರ್ಷಕ್ಕೂ ಹಳೆಯ ದಿನಾಂಕ ತೋರಿಸಿದರೆ ಕಂಪನಿ ಆ ಮಾಡೆಲ್‌ನ ಕೈಬಿಟ್ಟಿದೆ ಎಂದರ್ಥ. ಸ್ಟಾಕ್ ಖಾಲಿ ಮಾಡುವ ಭಾರಿ ರಿಯಾಯಿತಿಯ ಹಿಂದೆ ಬಹಳ ಸಲ ಇರುವುದು ಇದೇ.

5. ಪೆನ್, ಚಾರ್ಜರ್

ಇನ್ನೂರು ರೂಪಾಯಿಯ ರಬ್ಬರ್ ತುದಿಯ ಪೆನ್ ದಂಡ. ಅಂಗೈ ಪರದೆಗೆ ತಾಗಿದರೂ ಗೆರೆ ಬೀಳುತ್ತದೆ. ಬರೆಯುವ ಕೆಲಸ ನಿಜಕ್ಕೂ ಇದ್ದರೆ ಆ ಮಾಡೆಲ್‌ಗೆಂದೇ ಕಂಪನಿ ಮಾಡಿದ ಪೆನ್ ಕೊಳ್ಳಿ. ಅದೂ ಎಲ್ಲ ಮಾಡೆಲ್‌ಗೂ ಹೊಂದುವುದಿಲ್ಲ, ಆ್ಯಪಲ್ ಪೆನ್ಸಿಲ್‌ನಲ್ಲೇ ಯಾವುದು ಯಾವ ಐಪ್ಯಾಡ್‌ಗೆ ಎಂಬ ಗೊಂದಲವಿದೆ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ, ಎಷ್ಟು ವ್ಯಾಟ್ ಎಂದು ಕೇಳಿ.

6. ಬಿಲ್

ಸೀಲ್ ಒಡೆಯುವುದನ್ನು ವಿಡಿಯೊ ಮಾಡಿಕೊಳ್ಳಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲಿ. ಬ್ರ್ಯಾಂಡ್ ಬಗ್ಗೆ ಅನುಮಾನವಿದ್ದರೆ ಲೇಬಲ್‌ನಲ್ಲಿ "ಆರ್" ಎಂದು ಶುರುವಾಗುವ ಬಿಐಎಸ್ (ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಸಂಖ್ಯೆಯನ್ನು "ಬಿಐಎಸ್ ಕೇರ್" ಆ್ಯಪ್‌ನಲ್ಲಿ ಹಾಕಿ ನೋಡಿ. ಅಲ್ಲಿ ಬರುವ ತಯಾರಕರ ಹೆಸರು ಡಬ್ಬಿಯ ಮೇಲಿನದಕ್ಕೆ ತಾಳೆಯಾಗಬೇಕು.

ಮನೆಗೆ ತಂದ ದಿನವೇ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಇದ್ದರೆ 80 ಪರ್ಸೆಂಟ್‌ಗೆ ಮಿತಿ ಹಾಕಿ. ಟ್ಯಾಬ್‌ಗಳು ಹಾಳಾಗುವುದು ಬಿದ್ದು ಮಾತ್ರವಲ್ಲ, ಹಗಲೂ ರಾತ್ರಿ ಚಾರ್ಜರ್‌ಗೆ ಸಿಕ್ಕಿಸಿಟ್ಟು ಬ್ಯಾಟರಿ ಊದಿಕೊಂಡೂ ಹೌದು. ಹಿಂಬದಿ ಉಬ್ಬಿ ಪರದೆಯ ಅಂಚು ಮೇಲೆದ್ದದ್ದು ಕಂಡರೆ ಒತ್ತಿ ಕೂರಿಸಲು ಹೋಗದೆ, ಸ್ವಿಚ್ ಆಫ್ ಮಾಡಿ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.