ಯಜಮಾನರು ಫೀಲ್ಡಲ್ಲಿ, ಹಬ್ಬ ಹಲಸೂರಲ್ಲಿ

ಗೌರಿ ಹಬ್ಬ ಮುಗಿದರೆ ಸಾಕು, ಎದುರು ಸಿಕ್ಕವರೆಲ್ಲ ಕೇಳುವುದು ಒಂದೇ: "ದೀಪಾವಳಿಗೆ ಬರ್ತಾರಾ?" ನಮ್ಮನೆಯವರು ಸೇನೆಯಲ್ಲಿ ಹವಾಲ್ದಾರ್. ಈಗ ಫೀಲ್ಡ್ ಪೋಸ್ಟಿಂಗ್. ಅಲ್ಲಿಗೆ ಮನೆಯವರನ್ನು ಕರೆದೊಯ್ಯುವ ಹಾಗಿಲ್ಲ. ನಾನು, ಅತ್ತೆ, ಮಗಳು ಬೆಂಗಳೂರಿನ ಹಲಸೂರಿನಲ್ಲಿದ್ದೇವೆ. ವರ್ಷಕ್ಕೆ 60 ದಿನ ವಾರ್ಷಿಕ ರಜೆ ಇದೆ, ನಿಜ. ಆದರೆ ಎಲ್ಲರೂ ಹಬ್ಬಕ್ಕೇ ಊರಿಗೆ ಹೊರಟರೆ ಅಲ್ಲಿ ಕಾಯುವವರು ಯಾರು? ಸರದಿ ಮೇಲೆ ಸಿಗುತ್ತದೆ. ಇದನ್ನು ಎಲ್ಲರಿಗೂ ಬಿಡಿಸಿ ಹೇಳುವಷ್ಟರಲ್ಲಿ ನನಗೇ ಅಳು ಬರುತ್ತಿತ್ತು. ಈಗ "ರಜೆ ಸಿಕ್ಕಾಗ ಬರ್ತಾರೆ, ಆಗ ನೀವೂ ಮನೆಗೆ ಬನ್ನಿ" ಅಂದು ಮಾತು ಮುಗಿಸುತ್ತೇನೆ. ಎಲ್ಲಿದ್ದಾರೆ, ಯಾವತ್ತು ಹೊರಡುತ್ತಾರೆ ಅನ್ನುವುದನ್ನು ಯಾರಿಗೂ ಹೇಳುವುದಿಲ್ಲ, ವಾಟ್ಸಾಪ್ ಸ್ಟೇಟಸ್‌ಗೂ ಹಾಕುವುದಿಲ್ಲ.

ಹಬ್ಬದ ದಿನ ಜೀವ ಹಿಂಡುತ್ತಿದ್ದದ್ದು ಅಡುಗೆ ಕೆಲಸವಲ್ಲ, ಫೋನು. ನೆಟ್‌ವರ್ಕ್ ಸಿಗದ ಕಡೆ ಡ್ಯೂಟಿ ಇದ್ದರೆ ಫೋನ್ ಬರುವುದಿಲ್ಲ, ಅಷ್ಟೇ. ಆದರೆ ಕಾಯುವವರ ತಲೆ ಎಲ್ಲೆಲ್ಲಿಗೋ ಹೋಗುತ್ತದೆ. ಹಾಗಾಗಿ ಇಬ್ಬರೂ ಮಾತಾಡಿಕೊಂಡೆವು: ಹಬ್ಬದ ದಿನ ಇಂಥ ಹೊತ್ತಿಗೇ ಮಾಡ್ತೀನಿ ಅಂತ ಅವರು ಮಾತು ಕೊಡುವುದು ಬೇಡ, ಫೋನ್ ಬರುವ ತನಕ ಊಟ ಮಾಡದೆ ನಾವು ಕೂರುವುದು ಬೇಡ. ಪೂಜೆ ಆಯಿತಾ, ಎಲೆ ಹಾಕುತ್ತೇವೆ. ಟಿವಿಯಲ್ಲಿ ಗಡಿ ಸುದ್ದಿ ಹಾಕುವುದಿಲ್ಲ. ಅತ್ತೆಗೆ ಇದು ಒಪ್ಪಿಗೆಯಾಗಲು ಸ್ವಲ್ಪ ಸಮಯ ಬೇಕಾಯಿತು.

ಅವರಿಗೂ ಹಬ್ಬ ತಲುಪಬೇಕಲ್ವಾ? ದಸರೆಗೂ ಮುಂಚೆಯೇ ಪಾರ್ಸೆಲ್ ಕಳಿಸುತ್ತೇನೆ. 56 ಎಪಿಒ (ಸೇನೆಯ ಅಂಚೆ ಕಚೇರಿ) ವಿಳಾಸದ ಟಪಾಲು ಡೆಲ್ಲಿಯ ಮಿಲಿಟರಿ ಅಂಚೆ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಮುಂದೆ ಹೋಗಬೇಕು. 99 ಎಪಿಒ ಆದರೆ ಕಲ್ಕತ್ತಾ ಮೇಲೆ. ಎರಡಕ್ಕೂ ಟೈಮ್ ಹಿಡಿಯುತ್ತದೆ. ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಯೂನಿಟ್ಟಿನ ಪಿನ್ ಕೋಡು, ಕೆಳಗೆ 56 ಎಪಿಒ, ಇಷ್ಟೇ ಬರೆಯಬೇಕು, ಊರಿನ ಹೆಸರು ಬೇಡ. ಹಸಿ ಕಾಯಿ ಹಾಕಿದ ತಿಂಡಿ ದಾರಿಯಲ್ಲೇ ಕೆಡುತ್ತದೆ. ಚಕ್ಕುಲಿ ಪುಡಿಯಾಗುತ್ತದೆ. ಕೋಡುಬಳೆ ಒಳ್ಳೆಯದು. ಚೆನ್ನಾಗಿ ಕೆಂಪಗೆ ಕರಿದು, ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿ, ಸಂದಿಗೆ ಕಾಗದ ತುರುಕುತ್ತೇನೆ, ಅಲ್ಲಾಡಬಾರದು. ಜಾಸ್ತಿಯೇ ಹಾಕಬೇಕು, ಬ್ಯಾರಕ್‌ನಲ್ಲಿ ಒಬ್ಬರೇ ತಿನ್ನುವುದಿಲ್ಲ. ಇದನ್ನು ಮಾಡುವ ದಿನ ನನ್ನ ಮನಸ್ಸು ಎಷ್ಟು ಹಗುರಾಗಿರುತ್ತದೆ ಅಂದರೆ, ನನಗೆ ಹಬ್ಬ ಅವತ್ತೇ ಶುರು.

ಆಯುಧಪೂಜೆಗೆ ಅವರ ಬೈಕನ್ನು ಮಗಳೇ ತೊಳೆಯುತ್ತಾಳೆ. ಕುಂಕುಮ ಇಟ್ಟು, ಹೂ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾಳೆ. ಪಕ್ಕದ ಮನೆ ಅಣ್ಣ ಬಂದು ಸ್ಟಾರ್ಟ್ ಮಾಡಿ ಮುಂದೆ ಓಡಿಸುತ್ತಾರೆ. "ಏನಾದ್ರೂ ಬೇಕಾದ್ರೆ ಹೇಳಮ್ಮ" ಅನ್ನುವವರಿಗೆ ಈಗ ಹೀಗೆ ಇಂಥದ್ದೇ ಕೆಲಸ ಅಂತ ಕೇಳಿಬಿಡುತ್ತೇನೆ. ಸುಮ್ನೆ ಸಂಕೋಚ ಪಡಬೇಡಿ. ಕೇಳಿದರೆ ಖುಷಿಯಿಂದ ಮಾಡುತ್ತಾರೆ.

ನರಕ ಚತುರ್ದಶಿಗೆ ಎಣ್ಣೆ ಸ್ನಾನ ಬಿಡುವುದಿಲ್ಲ. ಮೊದಲು ಮಗಳಿಗೆ, ಆಮೇಲೆ ಅತ್ತೆ ನನ್ನ ನೆತ್ತಿಗೆ ಎಣ್ಣೆ ತಟ್ಟುತ್ತಾರೆ. ಒಬ್ಬಟ್ಟನ್ನು ಅಂಗಡಿಯಿಂದ ತರುತ್ತೇವೆ. ಮಧ್ಯಾಹ್ನ ಬಾಗಿಲು ಹಾಕಿ ಮಲಗುತ್ತೇನೆ, ಯಾರು ಏನೇ ಅಂದುಕೊಳ್ಳಲಿ.

ಇಷ್ಟೆಲ್ಲ ಮಾಡಿಯೂ ನಿದ್ದೆ ಬಾರದೆ, ಎದೆ ಭಾರ ಇಳಿಯದೆ ದಿನ ಕಳೆಯುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸೇನೆಯವರಿಗೆ, ಅವರ ಮನೆಯವರಿಗೆ ಅಂತಲೇ 2023ರಲ್ಲಿ ಪುಣೆಯಲ್ಲಿ ಬೇರೆ ವಿಭಾಗವೂ ಶುರುವಾಯಿತು. ಯೋಧನ ಹೆಂಡತಿ ಅಂದರೆ ಗಟ್ಟಿ ಇರಬೇಕು ಅನ್ನುವವರ ಮಾತಿಗೆ ಕಿವಿಗೊಟ್ಟು ಫೋನ್ ಮಾಡದೆ ಇರಬೇಡಿ.